ಸಬೋಹತ್ ಓಪಾ ಪಟ್ಟಿಗೆ ಸೇರಿಸದ ವಸ್ತು

ನಾನು ಅನುಮಾನದ ಹೆಂಗಸು. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುವುದು ಒಳ್ಳೆಯದು. ನಮ್ಮ ಮರ್ಗಿಲಾನ್ ಊರಿನ ಬಜಾರಿನಲ್ಲಿ ಮಕ್ಕಳ ಸಾಮಾನಿನ ಅಂಗಡಿ ಇಟ್ಟು ಇಪ್ಪತ್ತೆರಡು ವರ್ಷವಾಯಿತು. ತೊಟ್ಟಿಲು, ಗಿಲಕಿ, ಹಾಲಿನ ಬಾಟಲಿ, ಬಟ್ಟೆಯ ಪುಸ್ತಕ, ಕೀಲಿ ಕೊಟ್ಟರೆ ಕುಣಿಯುವ ಕರಡಿ, ಎಲ್ಲ ಇದೆ. ನಗುನಗುತ್ತಾ ಬಂದು ‘ಮವ್ಜುದಾ, ಜೀವವೇ’ ಎಂದು ತಬ್ಬಿಕೊಳ್ಳುವ ಗಿರಾಕಿ ಸಾಮಾನು ವಾಪಸ್ ಕೊಡಲು ಬಂದಿದ್ದಾಳೆಂದೇ ನಾನು ತಿಳಿಯುತ್ತೇನೆ. ಹತ್ತಕ್ಕೆ ಒಂಬತ್ತು ಸಲ ಅದು ನಿಜವೂ ಆಗಿರುತ್ತದೆ.

ಸಬೋಹತ್ ಓಪಾ ನಗುವವರೂ ಅಲ್ಲ, ಕೊಳ್ಳುವವರೂ ಅಲ್ಲ. ಆದ್ದರಿಂದ ಅವರ ಮೇಲೆ ನನಗೆ ಎರಡು ಪಟ್ಟು ಅನುಮಾನವಿತ್ತು.

ಊರಿಗೆಲ್ಲ ಅವರು ಓಪಾ, ಅಕ್ಕ. ರೇಷ್ಮೆ ಕಾರ್ಖಾನೆಯ ಶಿಶುವಿಹಾರದಲ್ಲಿ ಮೂವತ್ತೊಂದು ವರ್ಷ ಬೇರೆಯವರ ಮಕ್ಕಳ ಮೂಗು ಒರೆಸಿ, ಚಡ್ಡಿ ಬದಲಿಸಿ, ಸೂಪು ಕುಡಿಸಿದವರು. ಸ್ವಂತ ಮಕ್ಕಳಿಲ್ಲ. ಮದುವೆಯಾದ ಏಳನೇ ವರ್ಷಕ್ಕೆ ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ. ನಮ್ಮಲ್ಲಿ ಮಗುವನ್ನು ಮೊದಲ ಸಲ ತೊಟ್ಟಿಲಿಗೆ ಹಾಕುವ ದಿನ ದೊಡ್ಡ ಊಟ ಹಾಕುತ್ತಾರೆ. ತುಂಬಿದ ಮನೆಯ, ಮಕ್ಕಳೆಲ್ಲ ಬದುಕಿರುವ ಹೆಂಗಸು ಮಗುವನ್ನು ಮಲಗಿಸಬೇಕು. ಆ ಊಟಗಳಿಗೆ ಓಪಾರನ್ನು ಬರಬೇಡಿ ಎಂದು ಯಾರೂ ಹೇಳಿದ್ದಿಲ್ಲ. ಅವರೇ ಒಂದು ತುಂಡು ಹತ್ತಿ ಬಟ್ಟೆ ಕಳಿಸಿ, ಮೈಗೆ ಹುಷಾರಿಲ್ಲ ಎನ್ನುತ್ತಿದ್ದರು. ಎಲ್ಲರಿಗೂ ಅದು ಅನುಕೂಲವಾಗಿತ್ತು.

ನಿವೃತ್ತಿಯಾದ ಮೇಲೆ ಅವರ ಕೈಯಲ್ಲಿ ಬೆಳೆದ ಹುಡುಗಿಯೊಬ್ಬಳು ತಾನು ತಾಯಿಯಾಗಿ, ಯಾವ ಬಾಟಲಿ ಕೊಳ್ಳಲಿ ಎಂದು ಕೇಳಿದಳಂತೆ. ಇವರು ಫೋನಿನಲ್ಲಿ ಬರೆದು ತಿಳಿಸಿದರು. ಅವಳು ಗೆಳತಿಗೆ ಕಳಿಸಿದಳು, ಗೆಳತಿ ನಾದಿನಿಗೆ. ಎರಡೇ ವರ್ಷದಲ್ಲಿ ‘ಕೊಳ್ಳಿ, ಕೊಳ್ಳಬೇಡಿ’ ಎಂಬ ಅವರ ಗುಂಪಿನಲ್ಲಿ ಮೂರು ಸಾವಿರ ತಾಯಂದಿರು ಸೇರಿದರು. ಪ್ರತಿ ಗುರುವಾರ ಓಪಾ ಬಜಾರಿಗೆ ಬಂದು ಅಂಗಡಿ ಅಂಗಡಿ ಮೂಸಿ ನೋಡುತ್ತಾರೆ. ಮೂಸಿ ಅಂದರೆ ನಿಜವಾಗಿಯೇ, ಮೂಗಿನಿಂದ. ಕರವಸ್ತ್ರದ ತುದಿಗೆ ಉಗುಳು ಹಚ್ಚಿ ಗಿಲಕಿಯ ಬಣ್ಣ ಉಜ್ಜುತ್ತಾರೆ. ಬೊಂಬೆಯ ಕಣ್ಣು ಹಿಡಿದು ಎಳೆಯುತ್ತಾರೆ. ಚೀಲದಲ್ಲಿ ಹಳೆಯ ಕ್ಯಾಮೆರಾ ರೀಲಿನ ಕಪ್ಪು ಡಬ್ಬಿಯೊಂದಿದೆ. ಆಟಿಕೆಯ ಚಿಕ್ಕ ಚಿಕ್ಕ ಭಾಗಗಳನ್ನು ಅದರೊಳಗೆ ಹಾಕಿ ನೋಡುತ್ತಾರೆ.

“ಇದರೊಳಗೆ ಹೋಗಿದ್ದು ಮಗು ಗಂಟಲೊಳಗೂ ಹೋಗತ್ತೆ” ಎನ್ನುತ್ತಾರೆ.

ಒಂದು ಗುರುವಾರ ಹೊಸ ಚಿತ್ರಪುಸ್ತಕ ತಂದಿಟ್ಟಿದ್ದೆ. ಓಪಾ ನಿಂತಲ್ಲೇ ಮೊದಲಿನಿಂದ ಕೊನೆವರೆಗೆ ತುಟಿ ಅಲ್ಲಾಡಿಸುತ್ತಾ ಓದಿದರು.

“ಮವ್ಜುದಾ, ಇಲ್ಲಿ ಹುಂಜ ಮೊಟ್ಟೆ ಮೇಲೆ ಕಾವಿಗೆ ಕೂತಿದೆಯಲ್ಲೇ.”

“ಮಗುಗೆ ಏನು ಗೊತ್ತಾಗತ್ತೆ ಓಪಾ? ಜುಟ್ಟು ಚೆನ್ನಾಗಿ ಕಾಣ್ಲಿ ಅಂತ ಬರೆದಿರ್ತಾರೆ.”

“ಗೊತ್ತಾಗಲ್ಲ ಅಂತಲೇ ನಾವು ನೋಡ್ಬೇಕು. ಮೊದಲನೇ ಪುಸ್ತಕದಲ್ಲೇ ಸುಳ್ಳು ಕಲೀಬೇಕಾ ಅದು?”

“ನೀವು ಮೊಸರಲ್ಲಿ ಕಲ್ಲು ಹುಡುಕೋರು ಬಿಡಿ.”

“ಮೊಸರಲ್ಲಿ ಕಲ್ಲಿದ್ರೆ ಹಲ್ಲು ಯಾರದು ಮುರಿಯೋದು?”

ಸಂಜೆಯೊಳಗೆ ಆ ಪುಸ್ತಕ ‘ಕೊಳ್ಳಬೇಡಿ’ ಪಟ್ಟಿಗೆ ಹೋಯಿತು. ಪಕ್ಕದ ಅಂಗಡಿಯ ತುರ್ಸುನೊಯ್ ಮಾರುವ, ಮಕ್ಕಳು ಜೋಡಿಸಿ ಆಡುವ ಮರದ ಘನಗಳು ಮಾತ್ರ ‘ಕೊಳ್ಳಿ’ ಪಟ್ಟಿಯಲ್ಲಿ ಮೂರನೇ ಸಲ ಬಂದವು. ತುರ್ಸುನೊಯ್ ಇವರಿಗೆ ಏನೋ ಕೊಡುತ್ತಾಳೆ ಎಂದು ನನಗೆ ಖಾತ್ರಿಯಾಯಿತು. ನಾನೂ ಒಂದು ಡಬ್ಬಿ ಒಳ್ಳೆಯ ಚಹಾ ಕೊಟ್ಟು ಪರೀಕ್ಷೆ ಮಾಡಿದೆ. ತೆಗೆದುಕೊಂಡರು. ಮರುವಾರ ನನ್ನ ಕುಣಿಯುವ ಕರಡಿ ‘ಕೊಳ್ಳಬೇಡಿ’ಗೆ ಸೇರಿತು. ಲಂಚ ತಿಂದೂ ಕೆಲಸ ಮಾಡಿಕೊಡದವರನ್ನು ಏನೆಂದು ಕರೆಯಬೇಕೋ ತಿಳಿಯದು.

ಅಷ್ಟರಲ್ಲಿ ನನ್ನ ಮಗಳು ಮಾಹಿರಾ ಏಳು ತಿಂಗಳ ಮಗನನ್ನು ಎತ್ತಿಕೊಂಡು ಹದಿನೈದು ದಿನಕ್ಕೆ ತವರಿಗೆ ಬಂದಳು. ಎಂಟು ವರ್ಷ ಕಾದು ಹುಟ್ಟಿದ ಮಗು, ಹೆಸರು ಇಸ್ಲೊಮ್‌ಜೋನ್. ಅದರ ಅಜ್ಜಿ, ಅಳಿಯನ ತಾಯಿ, ಕಳಿಸುವಾಗಲೇ ಹೇಳಿದ್ದಳು: “ಬೀಗಿತ್ತಿ, ಹೆಂಗೆ ಕಳಿಸ್ತಿದೀನೋ ಹಂಗೇ ವಾಪಸ್ ಬರಬೇಕು.” ನಗುತ್ತಲೇ ಹೇಳಿದ್ದಳು. ಆ ಹದಿನೈದು ದಿನ ನನಗೆ ಸರಿಯಾಗಿ ನಿದ್ದೆಯಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನಮ್ಮದು ನಿಜಕ್ಕೂ ಬೆಣ್ಣೆ ಮುದ್ದೆಯಂಥ ಮಗು. ನೋಡಿದವರು ಇನ್ನೊಮ್ಮೆ ತಿರುಗಿ ನೋಡುತ್ತಿದ್ದರು. ನನಗೆ ಭಯವಿದ್ದದ್ದು ಆ ಇನ್ನೊಮ್ಮೆಯ ನೋಟದ್ದು.

ಮಾಹಿರಾ ಓಪಾರ ಗುಂಪಿನ ಭಕ್ತೆ. ನನ್ನನ್ನು ಒಂದು ಮಾತೂ ಕೇಳದೆ ಅವರನ್ನು ಮನೆಗೆ ಕರೆದುಬಿಟ್ಟಳು, ಮಗುವಿನ ಸಾಮಾನೆಲ್ಲ ಒಮ್ಮೆ ನೋಡಿಕೊಡಲಿ ಎಂದು.

“ಅಂಗಡಿಯವಳ ಮಗಳಾಗಿ ಇನ್ನೊಬ್ಬರನ್ನ ಕೇಳ್ತೀಯಲ್ಲೇ, ನಾಚಿಕೆ ಇಲ್ವಾ?” ಎಂದೆ.

“ಅಯಾ, ಅಮ್ಮಾ, ನೀವು ಮಾರೋರು, ಅವರು ನೋಡೋರು” ಎಂದಳು.

ಓಪಾ ಬಂದರು. ಬಾಗಿಲ ಹತ್ತಿರದ ನೆಲಹಾಸಿನ ಮೇಲೆಯೇ ಕೂತರು, ಮಗುವನ್ನು ಎತ್ತಿಕೊಳ್ಳಲು ಕೇಳಲಿಲ್ಲ. ಬಾಟಲಿ ಮೂಸಿದರು. ತೊಟ್ಟಿಲ ಕಾಲಿನ ಅಲಂಕಾರದ ಒಂದು ಮರದ ಗುಂಡಿ ಸಡಿಲವಾಗಿದ್ದದ್ದನ್ನು ಕಿತ್ತು, ರೀಲಿನ ಡಬ್ಬಿಗೆ ಹಾಕಿ, ಅದು ಒಳಗೆ ಹೋದದ್ದನ್ನು ನನ್ನ ಮುಖಕ್ಕೆ ಹಿಡಿದು ತೋರಿಸಿದರು. ಆ ತೊಟ್ಟಿಲು ನನ್ನ ಅಂಗಡಿಯದೇ. ಆಮೇಲೆ ಅವರ ಕಣ್ಣು ತೊಟ್ಟಿಲ ಹಿಡಿಯ ಮೇಲೆ ನಿಂತಿತು. ಅಲ್ಲಿ ಮೂರು ದೃಷ್ಟಿಮಣಿ ಕಟ್ಟಿದ್ದೆವು, ಎಲ್ಲರ ಮನೆಯಲ್ಲೂ ಇರುವಂಥವು, ಕಪ್ಪಿನ ಮೇಲೆ ಬಿಳಿ ಚುಕ್ಕೆ. ಮಗುವಿನ ಟೊಪ್ಪಿಗೆಯಲ್ಲಿ ಇನ್ನೊಂದಿತ್ತು. ಓಪಾ ಅದನ್ನೇ ನೋಡಿದರು. ಡಬ್ಬಿಯ ಮುಚ್ಚಳ ತೆಗೆದರು. ನನ್ನ ಕಡೆ ನೋಡಿದರು. ಮುಚ್ಚಳ ಹಾಕಿ ಡಬ್ಬಿಯನ್ನು ಚೀಲಕ್ಕೆ ಇಳಿಸಿದರು.

“ಮಗು ಚೆನ್ನಾಗಿ ಮೈ ತುಂಬ್ಕೊಂಡಿದೆ” ಎಂದು ಎದ್ದು ಹೋದರು.

ಅಷ್ಟೇ. ‘ದೃಷ್ಟಿ ತಾಗದಿರಲಿ’ ಎನ್ನಲಿಲ್ಲ. ನಮ್ಮ ಊರಿನ ನಾಲ್ಕು ವರ್ಷದ ಹುಡುಗಿಯೂ ಮಗುವನ್ನು ಹೊಗಳಿದರೆ ಆ ಮಾತು ಸೇರಿಸುತ್ತಾಳೆ. ಮಕ್ಕಳಿಲ್ಲದವಳು, ಅಷ್ಟು ಹೊತ್ತು ನೋಡಿದಳು, ಏನನ್ನೋ ಹೇಳಬಂದು ನುಂಗಿದಳು. ಅವರ ಬೆನ್ನ ಹಿಂದೆಯೇ ದೃಷ್ಟಿ ತೆಗೆಯುವ ಇಸಿರಿಕ್ ಸೊಪ್ಪು ಸುಟ್ಟು ಮೂಲೆ ಮೂಲೆಗೆ ಹೊಗೆ ಹಾಕಿದೆ. ಸಾಲದು ಅನ್ನಿಸಿತು. ಅಂಗಡಿಗೆ ಹೋಗಿ, ಮಾರಲಿಟ್ಟಿದ್ದ ದೃಷ್ಟಿಮಣಿಯ ತಟ್ಟೆಯಿಂದ ಏಳು ದೊಡ್ಡ ಮಣಿ ಆರಿಸಿ, ದಾರಕ್ಕೆ ಪೋಣಿಸಿ ಮಗುವಿನ ಮುಂಗೈಗೆ ಕಟ್ಟಿದೆ.

“ಇದೇನಿದು ಅಯಾ, ಕತ್ತೆಗೆ ಕಟ್ಟಿದಂಗೆ?” ಎಂದಳು ಮಾಹಿರಾ.

“ಸುಮ್ನಿರು. ನಿನ್ನ ಓಪಾ ನೋಡಿದ ನೋಟಕ್ಕೆ ಏಳೂ ಕಡಿಮೆಯೇ.”

ಮಣಿ ಕಟ್ಟಿದ ಐದನೇ ದಿನ ಮಧ್ಯಾಹ್ನ ಮಾಹಿರಾ ಸ್ನಾನಕ್ಕೆ ಹೋಗಿದ್ದಳು. ನಾನು ಅಂಗಳದ ಮಂಚದ ಮೇಲೆ ಮಗುವನ್ನು ಕೂರಿಸಿಕೊಂಡು ಕ್ಯಾರೆಟ್ ಹೆಚ್ಚುತ್ತಿದ್ದೆ. ಹೊಸ ಹಲ್ಲು ಬರುತ್ತಿದ್ದ ಮಗು ಮುಂಗೈ ಬಾಯಿಗಿಟ್ಟು ಕಚ್ಚುತ್ತಾ ಏನೋ ಹಾಡಿಕೊಳ್ಳುತ್ತಿತ್ತು. ಹಾಡು ನಿಂತಿತು. ತಿರುಗಿ ನೋಡಿದರೆ ಬಾಯಿ ತೆರೆದಿದೆ, ಸದ್ದಿಲ್ಲ. ದಾರ ಹರಿದು ಮಣಿಗಳು ಹಾಸಿಗೆಯ ಮೇಲೆ ಚೆಲ್ಲಿವೆ. ಬೆರಳು ಹಾಕಿ ತೆಗೆಯಹೋದೆ. ತುದಿಗೆ ಮಣಿ ತಾಗಿತು, ಜಾರಿತು, ಇನ್ನೂ ಒಳಗೆ ಹೋಯಿತು. ಅದನ್ನು ಒಳಗೆ ತಳ್ಳಿದ್ದು ಈ ಬೆರಳೇ. ಮಗುವಿನ ತುಟಿ ನೀಲಿಯಾಯಿತು.

ನನ್ನ ಕೂಗು ಕೇಳಿ ಮಾಹಿರಾ ಒದ್ದೆ ತಲೆಯಲ್ಲೇ ಓಡಿಬಂದಳು. ಮಗುವನ್ನು ಕಿತ್ತುಕೊಂಡು, ಮುಂಗೈ ಮೇಲೆ ಬೋರಲು ಹಾಕಿ, ತಲೆ ಕೆಳಗೆ ಮಾಡಿ, ಬೆನ್ನ ಮೇಲೆ ಎರಡು ಹೆಗಲಿನ ನಡುವೆ ಅಂಗೈಯ ಬುಡದಿಂದ ಹೊಡೆದಳು. ಒಂದು. ಎರಡು. ಹಸುಗೂಸಿಗೆ ಅಷ್ಟು ಜೋರಾಗಿ ಯಾರಾದರೂ ಹೊಡೆಯುತ್ತಾರೆಯೇ ಎಂದು ನಾನು ಅವಳ ಕೈ ಹಿಡಿಯಹೋದೆ. ಮೊಣಕೈಯಿಂದ ನನ್ನನ್ನು ನೂಕಿದಳು. ಮೂರು. ನಾಲ್ಕನೆಯದಕ್ಕೆ ಮಣಿ ಕ್ಯಾರೆಟ್ಟಿನ ತಟ್ಟೆಗೆ ಬಿತ್ತು. ಮಗು ಅತ್ತಿತು.

ಡಾಕ್ಟರು ನೋಡಿ ಏನೂ ತೊಂದರೆಯಿಲ್ಲ ಎಂದ ಮೇಲೆ ನಾನು ಕೇಳಿದೆ, “ಇದನ್ನ ಎಲ್ಲಿ ಕಲಿತೆ?”

“ಓಪಾ ಫೋನಲ್ಲಿ ತೋರಿಸಿದ್ರು, ಬೊಂಬೆ ಮೇಲೆ ಮಾಡಿ. ನಾನು ದಿಂಬಿನ ಮೇಲೆ ಮಾಡಿ ನೋಡ್ತಿದ್ದಾಗ ನೀವು ನಗಾಡಿದ್ರಿ.”

ಬೇರೆಯವರಾದರೆ ಆ ಕ್ಷಣವೇ ಕೈ ಮುಗಿಯುತ್ತಿದ್ದರೇನೋ. ನನಗೆ ಬಂದದ್ದು ಸಿಟ್ಟು. ಡಬ್ಬಿಯ ಮುಚ್ಚಳ ತೆಗೆದು ಯಾಕೆ ಹಾಕಿದರು? ಮಣಿಯ ಅಪಾಯ ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಏನಾದರೂ ಆಗಲಿ ಎಂದು ಕಾದಿದ್ದರೇ? ಮಾರನೆಯ ದಿನ ಬೆಳಿಗ್ಗೆಯೇ ಹೊರಟೆ. ಮಾಹಿರಾ ತಾನೂ ಬರುತ್ತೇನೆಂದು ಮಗುವನ್ನು ಎತ್ತಿಕೊಂಡು ಹಿಂದೆಯೇ ಬಂದಳು.

ಓಪಾ ಅಂಗಳದಲ್ಲಿ ಚಹಾ ಕುಡಿಯುತ್ತಿದ್ದರು. ನಾನು ರೊಟ್ಟಿಯ ಪಕ್ಕದಲ್ಲಿ ಆ ಮಣಿಯನ್ನಿಟ್ಟು, ನಡೆದದ್ದೆಲ್ಲ ಹೇಳಿದೆ.

“ಎಲ್ಲ ಸಾಮಾನೂ ಬರೀತೀರಲ್ಲ ಓಪಾ. ಇದು ಯಾಕೆ ನಿಮ್ಮ ಪಟ್ಟೀಲಿ ಇಲ್ಲ? ಆವತ್ತು ನೋಡಿದ್ರಿ. ಗೊತ್ತಿತ್ತು ನಿಮಗೆ.”

ಅವರು ಮಣಿಯನ್ನು ಮುಟ್ಟಲಿಲ್ಲ. ಮಗುವನ್ನು ಮೇಲಿಂದ ಕೆಳಗೆ ನೋಡಿ, ಅದು ಉಸಿರಾಡುವುದನ್ನೇ ಸ್ವಲ್ಪ ಹೊತ್ತು ಗಮನಿಸಿದರು.

“ಕೈಗೆ ಯಾವತ್ತು ಕಟ್ಟಿದ್ದು ಇದನ್ನ?”

“ನೀವು ಬಂದು ಹೋದ ಸಂಜೆ.”

“ಯಾರ ಕಣ್ಣಿಗೆ ಹೆದರಿ?”

ನಾನು ರೊಟ್ಟಿಯ ಅಂಚು ಮುರಿಯತೊಡಗಿದೆ. ಮಾಹಿರಾ ತಲೆ ತಗ್ಗಿಸಿದಳು.

“ಹೇಳು ಪರವಾಗಿಲ್ಲ. ಹೊಸದೇನಲ್ಲ ನಂಗೆ” ಎಂದರು ಓಪಾ. “ಶಿಶುವಿಹಾರದಲ್ಲೂ ಹಿಂಗೇ. ಇವತ್ತು ನಾನು ಎತ್ಕೊಂಡ ಮಗು, ನಾಳೆ ಒಂದು ಮಣಿ ಜಾಸ್ತಿ ಹಾಕ್ಕೊಂಡು ಬರೋದು. ಒಂದ್ಸಲ ಬಾಯ್ಬಿಟ್ಟೆ, ಬಿಚ್ಚಿಡಿ, ನುಂಗತ್ತೆ ಅಂತ. ‘ಬಂಜೆ ಯಾಕೆ ದೃಷ್ಟಿಮಣಿ ಬಿಚ್ಚು ಅಂತಾಳೆ?’ ಅಂತ ಆ ಮಗುಗೆ ಒಂದು ಸರಾನೇ ಕಟ್ಟಿದ್ರು. ಆಮೇಲೆ ಯಾರ ಮನೆಗೂ ಹೋಗ್ಲಿಲ್ಲ. ಫೋನಲ್ಲಿ ಬರೆದ್ರೆ ಕಣ್ಣು ತಾಗಲ್ವಲ್ಲ. ನಿನ್ನ ಮಗಳು ಪ್ರೀತಿಯಿಂದ ಕರೆದ್ಲು ಅಂತ ಬಂದೆ. ಬರಬಾರದಿತ್ತು.”

“ಪಟ್ಟೀಲಾದ್ರೂ...”

“ನಾನು ಬರೆದ್ರೆ ಮೂರು ಸಾವಿರ ಮನೇಲಿ ಮಣಿ ಎರಡೆರಡಾಗತ್ತೆ ಮವ್ಜುದಾ. ಬಿಚ್ಚಿ ಅನ್ನೋಕಾಗಲ್ಲ ಅಂತಲೇ, ಸಿಕ್ಕಿಕೊಂಡ್ರೆ ಹೆಂಗೆ ತೆಗೀಬೇಕು ಅಂತ ತೋರಿಸ್ದೆ.”

ನನಗೆ ಅಳು ಬಂತು. ಅತ್ತುಬಿಟ್ಟೆ. ಅವರ ಮುಂದೆಯೇ, ಮುಖ ಮುಚ್ಚಿಕೊಳ್ಳದೆ. ತುರ್ಸುನೊಯ್‌ಳ ಮರದ ಘನಗಳ ವಿಷಯದಲ್ಲಿ ನನ್ನ ಅನುಮಾನ ಇವತ್ತಿಗೂ ಪೂರ್ತಿ ಹೋಗಿಲ್ಲ, ಅದು ಬೇರೆ ಮಾತು.

“ನಾನು ಬರೀತೀನಿ. ಮೊಮ್ಮಗ ಇರೋಳು, ಮಣಿ ಮಾರೋಳು, ನನ್ನ ಮಾತು ಕೇಳ್ತಾರೆ” ಎಂದು ಮಾಹಿರಾಳ ಫೋನು ತೆಗೆದುಕೊಂಡೆ. ನನ್ನ ಹೆಸರು, ಅಂಗಡಿಯ ಹೆಸರು ಹಾಕಿ ಗುಂಪಿಗೆ ಬರೆದೆ: ಏಳು ಮಣಿ ಕಟ್ಟಿದ್ದು ನಾನು, ಸಬೋಹತ್ ಓಪಾರ ಕಣ್ಣಿಗೆ ಹೆದರಿ ಕಟ್ಟಿದ್ದು, ಅದು ಮೊಮ್ಮಗನ ಗಂಟಲಿಗೆ ಸಿಕ್ಕಿದ್ದು, ನನ್ನ ಬೆರಳು ಅದನ್ನು ಒಳಗೆ ತಳ್ಳಿದ್ದು. ಮಗುವಿನ ಕೈಗೆಟುಕುವ ಮಣಿ ಇವತ್ತೇ ಬಿಚ್ಚಿ.

ಮೊದಲ ಉತ್ತರ ಬರಲು ಒಂದು ನಿಮಿಷವೂ ಹಿಡಿಯಲಿಲ್ಲ. ಯಾರೋ ತಾಯಿ ಬರೆದಿದ್ದಳು: “ಇದನ್ನ ನಿಮ್ಮ ಕೈಲಿ ಯಾರು ಬರೆಸಿದ್ದು? ಓಪಾ ಪಕ್ಕದಲ್ಲೇ ಕೂತಿದ್ದಾರಾ?”

ನಾನಾಗಿದ್ದರೂ ಅದನ್ನೇ ಕೇಳುತ್ತಿದ್ದೆ.

“ನೋಡಿದ್ಯಾ, ಬೇಡ ಬಿಡು” ಎಂದರು ಓಪಾ.

ನಾನು ಎದ್ದು ಮಾಹಿರಾಳ ತೋಳಿನಿಂದ ಮಗುವನ್ನು ತೆಗೆದು ಅವರ ತೊಡೆಯ ಮೇಲೆ ಮಲಗಿಸಿದೆ. ಅವರು ಎರಡೂ ಕೈಯನ್ನು ಗಾಳಿಯಲ್ಲೇ ಹಿಡಿದು ಕೂತರು.

“ಹಿಡ್ಕೊಳ್ಳಿ ಓಪಾ, ಬೀಳತ್ತೆ.”

ಹಿಡಿದುಕೊಂಡರು. ನಾನು ಫೋಟೋ ತೆಗೆದೆ. ನಮ್ಮಲ್ಲಿ ದೃಷ್ಟಿ ತಾಗುತ್ತದೆಂದು ವರ್ಷ ತುಂಬದ ಮಗುವಿನ ಮುಖ ಯಾರಿಗೂ ಕಳಿಸುವುದಿಲ್ಲ. ಕಳಿಸಲೇಬೇಕಾದರೆ ಮುಖದ ಮೇಲೊಂದು ಹೂವಿನ ಚಿತ್ರ ಅಂಟಿಸುತ್ತಾರೆ. ಮಾಹಿರಾ ಹೂವು ಹುಡುಕಲು ಫೋನಿಗೆ ಕೈ ಚಾಚಿದಳು. ಕೊಡಲಿಲ್ಲ. ಮೂರು ಸಾವಿರ ಜನಕ್ಕೆ ಮಗುವಿನ ಬರಿ ಮುಖವನ್ನೇ ಕಳಿಸಿ, ಕೆಳಗೆ ಬರೆದೆ: ಹೌದು, ಪಕ್ಕದಲ್ಲೇ ಕೂತಿದ್ದಾರೆ.