ಕಡೆಯ ಬಸ್ಸು, ಕಡೆಯ ಅಂಕ

ಕಳೆದ ವಾರ ನಾನೊಂದು ಕಾದಂಬರಿಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಅದೇ ಕ್ರಮದಲ್ಲಿ ಓದಿ ಮುಗಿಸಿದೆ. ಇದನ್ನೇನು ದೊಡ್ಡ ಸುದ್ದಿಯಂತೆ ಹೇಳುತ್ತಾನೆ ಎಂದು ನೀವು ಹುಬ್ಬೇರಿಸಬಹುದು. ನನ್ನ ಮಟ್ಟಿಗೆ ಅದು ದೊಡ್ಡ ಸುದ್ದಿಯೇ. ಈ ನಲವತ್ತು ವರ್ಷಗಳಲ್ಲಿ ನಾನು ಇಡಿಯಾಗಿ ಕಂಡದ್ದು ಬಹಳ ಕಡಿಮೆ. ಅಭಿಪ್ರಾಯ ಹೇಳದೆ ಬಿಟ್ಟದ್ದು ಅದಕ್ಕಿಂತ ಕಡಿಮೆ.

ಪುಸ್ತಕಗಳನ್ನು ಇಡಿಯಾಗಿ ಕಾಣದಿದ್ದದ್ದಕ್ಕೆ ಕಾರಣವಿತ್ತು. ನಾವು ನಾಲ್ವರು ಓದುಗರು, ನಾಲ್ಕು ಊರಿನವರು. ಹಾನಗಲ್ಲಿನಲ್ಲಿ ಹೊಲಗಳ ಅಳತೆ ಮಾಡುವ ಮೋಜಣಿದಾರ ನಾನು. ಶಿಗ್ಗಾಂವಿಯಲ್ಲಿ ಬೀಜದ ಅಂಗಡಿಯ ಚನ್ನಪ್ಪ. ಸವಣೂರಿನಲ್ಲಿ ಎಲೆಬಳ್ಳಿ ತೋಟದ ಖಾಜಾಸಾಬ. ಹಿರೇಕೆರೂರಿನಲ್ಲಿ ಪ್ರಾಥಮಿಕ ಶಾಲೆಯ ಶಾಂತಕ್ಕ. ಎಲ್ಲರೂ ಸೇರಿ ಒಂದು ದಪ್ಪ ಕಾದಂಬರಿ ತಂದರೆ ಒಬ್ಬರು ಓದಿ ಮುಗಿಸುವ ತನಕ ಮೂವರು ಕಾಯಬೇಕು. ಕಾಯುವ ಜಾಯಮಾನ ಯಾರದೂ ಅಲ್ಲ. ಹಾಗಾಗಿ ಖಾಜಾಸಾಬ ಎಲೆ ಕೊಯ್ಯುವಷ್ಟೇ ನಾಜೂಕಾಗಿ ಪುಸ್ತಕದ ಬೆನ್ನು ಸೀಳಿ ನಾಲ್ಕು ಭಾಗ ಮಾಡುತ್ತಿದ್ದ. ಪ್ರತಿ ಭಾಗಕ್ಕೂ ಖಾಕಿ ಹಾಳೆಯ ಹೊದಿಕೆ, ದಬ್ಬಣದ ಹೊಲಿಗೆ. ತಿಂಗಳಿಗೊಮ್ಮೆ ಭಾಗಗಳು ಬಸ್ಸಿನಲ್ಲಿ ಊರು ಬದಲಾಯಿಸುತ್ತಿದ್ದವು. ಕಂಡಕ್ಟರನ ಕೈಗೆ ಕೊಟ್ಟರೆ ಆ ಊರಿನ ಸ್ಟ್ಯಾಂಡಿನ ಚಹದಂಗಡಿಗೆ ಮುಟ್ಟುತ್ತಿತ್ತು. ಕ್ರಮವಾಗಿ ಓದುವ ಭಾಗ್ಯ ಮೊದಲ ಭಾಗ ಸಿಕ್ಕವನಿಗೆ ಮಾತ್ರ. ಆ ಭಾಗ್ಯ ನನಗೆ ಎಂದೂ ಬರಲಿಲ್ಲ. ಬರಲಿಲ್ಲವೆಂದು ನಾನು ಕೊರಗಲೂ ಇಲ್ಲ. ಕಥೆಗೆ ಮೊದಲು, ನಡುವೆ, ಕೊನೆ ಎಂದೆಲ್ಲ ಇರಬೇಕೆಂಬುದೇ ಹಳೆಯ ಕಾಲದ ಹಟ ಎಂದು ವಾದಿಸುವ ವಯಸ್ಸು, ಉಮೇದಿ ಎರಡೂ ನನ್ನಲ್ಲಿದ್ದವು.

ಒಮ್ಮೆ ನನಗೆ ಮೂರನೆಯ ಭಾಗ ಮೊದಲು ಬಂತು. ಅದರಲ್ಲಿ ಒಬ್ಬಾಕೆ ರೊಟ್ಟಿ ಬಡಿಯುತ್ತಿದ್ದವಳು ಅರ್ಧಕ್ಕೆ ಬಿಟ್ಟು, ಕೈ ತೊಳೆದುಕೊಂಡು, ಮನೆಯಿಂದ ಹೊರಟು ಹೋಗುತ್ತಾಳೆ. ಕಾರಣವಿಲ್ಲ. ನಾನು ರೋಮಾಂಚನಗೊಂಡು ಶಾಂತಕ್ಕನಿಗೆ ಎರಡು ಪುಟದ ಪತ್ರ ಬರೆದೆ: ಕಾರಣ ಹೇಳದಿರುವ ಈ ಧೈರ್ಯವೇ ಹೊಸ ಬರವಣಿಗೆ, ಇದು ನಮ್ಮ ಭಾಷೆಗೆ ಈಗ ಬಂದಿದೆ, ಇತ್ಯಾದಿ. ಅವಳು ಕಾರ್ಡಿನಲ್ಲಿ ಉತ್ತರ ಬರೆದಳು. “ಕಾರಣ ಎರಡನೇ ಭಾಗದಾಗ ಐತಿ. ಅರವತ್ತು ಪುಟ ಐತಿ. ನನ್ನ ಕಡೆ ಐತಿ. ಕಳಸ್ಲೇನು?”

ನಾನು ಸೋಲಲಿಲ್ಲ. ಆ ಅರವತ್ತು ಪುಟ ಇಲ್ಲದಿದ್ದರೇ ಕಾದಂಬರಿ ಚೆಂದ ಎಂದು ವಾದಿಸಿದೆ. ಮೂರು ತಿಂಗಳ ಮೇಲೆ ಆ ಪುಟಗಳು ಕೈಗೆ ಬಂದಾಗ ಓದಿ ಕಣ್ಣು ಒರೆಸಿಕೊಂಡದ್ದನ್ನು ಇವತ್ತಿನವರೆಗೆ ಅವಳಿಗೆ ಹೇಳಿಲ್ಲ.

ವಸ್ತುಸಂಗ್ರಹಾಲಯದಲ್ಲಿಯೂ ಇದೇ ಹಾಡು. ನಮ್ಮ ಕಡೆಯ ಒಂದು ಹಳ್ಳಿಯಲ್ಲಿ ಹಳೆಯ ಗುಡಿಯ ಪಕ್ಕದ ಖೋಲಿಯೊಳಗೆ ಹೊಲಗದ್ದೆಯಲ್ಲಿ ಸಿಕ್ಕ ಕಲ್ಲುಗಳನ್ನು ತಂದು ನಿಲ್ಲಿಸಿ, ಬಾಗಿಲ ಮೇಲೆ ದೊಡ್ಡ ಅಕ್ಷರದಲ್ಲಿ ‘ವಸ್ತುಸಂಗ್ರಹಾಲಯ’ ಎಂದು ಬರೆಸಿದ್ದಾರೆ. ಅಳತೆಗೆಂದು ಆ ಊರಿಗೆ ಹೋದಾಗಲೆಲ್ಲ ನಾನು ಒಳಗೆ ಹೋಗಿ ನಿಲ್ಲುತ್ತೇನೆ. ಅಲ್ಲೊಂದು ವೀರಗಲ್ಲಿದೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕೆಂಬುದು ನಿಮಗೆ ಗೊತ್ತು: ಕೆಳಗಿನ ಪಟ್ಟಿಯಲ್ಲಿ ದನಗಳಿಗಾಗಿಯೋ ಊರಿಗಾಗಿಯೋ ಕಾದಾಟ, ನಡುವೆ ಸತ್ತವನ ತೋಳು ಹಿಡಿದು ಮೇಲಕ್ಕೊಯ್ಯುವ ಅಪ್ಸರೆಯರು, ತುದಿಯಲ್ಲಿ ಲಿಂಗದೆದುರು ಕೈಮುಗಿದು ಕೂತ ವೀರ. ಆದರೆ ಈ ಕಲ್ಲಿನಲ್ಲಿ ಕಾದಾಟವೇ ಇಲ್ಲ. ಯಾವ ಕಾರಣವೂ ಇಲ್ಲದೆ ಒಬ್ಬ ಮನುಷ್ಯ ಹಗುರಾಗಿ ಮೇಲೇಳುತ್ತಿದ್ದಾನೆ. ಯುದ್ಧವನ್ನೇ ಅಳಿಸಿ ಹಾಕಿದ ಈ ಅನಾಮಿಕ ಶಿಲ್ಪಿ ನಮ್ಮವನು, ನನ್ನ ಕಾಲದವನು ಎಂದು ನಾನು ಕಾವಲುಗಾರ ಫಕ್ಕೀರಪ್ಪನಿಗೆ ಹೇಳಿದೆ. ಅವನು ಅಂಗೈಯಲ್ಲಿ ತಂಬಾಕು ತಿಕ್ಕುತ್ತ, “ಜಗಳ ನೆಲದಾಗ ಐತ್ರಿ ಸಾಹೇಬ್ರ. ಕಲ್ಲು ನಿಲ್ಲವಲ್ದು ಅಂತ ಸಿಮಿಟಿನ್ಯಾಗ ಹುಗದಾರ. ಸ್ವರ್ಗ ಅಷ್ಟ ಮ್ಯಾಲ ಉಳದೈತಿ” ಎಂದ.

ತಮಾಷೆಯೆಂದರೆ, ಕೆಲಸದಲ್ಲಿ ನಾನು ಹೀಗಲ್ಲ. ಹೊಲದ ನಾಲ್ಕು ಗಡಿಕಲ್ಲುಗಳನ್ನು ಕಣ್ಣಾರೆ ಕಂಡು, ಕಾಲಿನಿಂದ ಒದ್ದು ನೋಡದೆ ನಕಾಶೆಯ ಮೇಲೆ ಪೆನ್ಸಿಲು ಇಡುವುದಿಲ್ಲ. ಒಂದು ಕಲ್ಲು ಜಾಲಿಕಂಟಿಯೊಳಗಿದ್ದರೆ ಕಂಟಿ ಕಡಿಸಿಯೇ ಮುಂದಿನ ಮಾತು. ಅಭಿಪ್ರಾಯಕ್ಕೆ ಮಾತ್ರ ನನಗೆ ಎರಡೇ ಕಲ್ಲು ಸಾಕಾಗುತ್ತಿದ್ದವು.

ಕಾದಂಬರಿಯಿಂದ ಯಾರಿಗೂ ನೋವಾಗಲಿಲ್ಲ. ವೀರಗಲ್ಲು ತನ್ನ ಪಾಡಿಗೆ ನಿಂತಿತ್ತು. ಹೋದ ವರ್ಷದ ನಾಟಕದ್ದು ಹಾಗಲ್ಲ.

ಸವಣೂರಿನಲ್ಲಿ ಒಂದು ನಾಟಕ ಕಂಪನಿ ತಗಡಿನ ಥೇಟರು ಹಾಕಿತ್ತು. ಮಾತಿಗಿಂತ ಹಾಡೇ ಹೆಚ್ಚಿದ್ದ ನಾಟಕ. ಮಗಳನ್ನು ಕಳೆದುಕೊಂಡ ತಾಯಿಯ ಕಥೆ. ತಾಯಿಯ ಪಾತ್ರ ಚಂದ್ರಾಬಾಯಿಯದು. ವಯಸ್ಸು ನಲವತ್ತೈದರ ಮೇಲೆ. ಎರಡನೆಯ ಅಂಕದಲ್ಲಿ ಆಕೆ ಹಾಡತೊಡಗಿದರೆ ಧ್ವನಿ ಒಡೆಯುತ್ತಿತ್ತು. ಕಾಲುಪೆಟ್ಟಿಗೆಯ ಹಾರ್ಮೋನಿಯಂ ಮೇಲಿನ ಸ್ವರದಲ್ಲಿ ಕಾದು ನಿಂತರೆ ಈಕೆ ಅರ್ಧ ದಾರಿಯಲ್ಲಿಯೇ ಕೂತುಬಿಡುತ್ತಿದ್ದಳು. ಭಾನುವಾರದ ಆಟ ಮೂರಕ್ಕೆ ಶುರು. ಹಾನಗಲ್ಲಿಗೆ ಕಡೆಯ ಬಸ್ಸು ಆರೂವರೆಗೆ. ಎರಡನೆಯ ಅಂಕದ ಪರದೆ ಬೀಳುತ್ತಲೇ ನಾನು ಎದ್ದೆ. ಬಂಕಾಪುರ ಬರುವುದರೊಳಗೆ ಬರಹ ತಲೆಯಲ್ಲಿ ಸಿದ್ಧವಾಗಿತ್ತು. ನಾನು ಆಗಾಗ ಬರೆಯುತ್ತಿದ್ದ ವಾರಪತ್ರಿಕೆಯಲ್ಲಿ ಅದು ಅಚ್ಚಾಯಿತು. “ಬತ್ತಿದ ಬಾವಿಗೆ ಹಗ್ಗ ಇಳಿಬಿಟ್ಟು ಕಂಪನಿ ಏನನ್ನು ಸೇದಲು ನೋಡುತ್ತಿದೆ?” ಎಂಬುದು ಅದರ ಕೊನೆಯ ವಾಕ್ಯ. ಆ ವಾಕ್ಯ ನನಗೆ ಬಹಳ ಸೇರಿತ್ತು; ಎರಡು ಸಲ ಗಟ್ಟಿಯಾಗಿ ಓದಿಕೊಂಡಿದ್ದೆ.

ಮೂರು ವಾರದ ಮೇಲೆ ಶಾಂತಕ್ಕ ಪುಸ್ತಕದ ಭಾಗವನ್ನು ಕಂಡಕ್ಟರನ ಕೈಗೆ ಕೊಡದೆ ತಾನೇ ಹಾನಗಲ್ಲಿಗೆ ಬಂದಳು. ಬಾಗಿಲಲ್ಲಿಯೇ ನಿಂತು ಕೇಳಿದಳು:

“ಮೋಜಣಿ ಸಾಹೇಬ್ರ, ಆ ನಾಟಕದ ಕಡೀ ಅಂಕ ನೋಡೀರೇನು?”

“ಇಲ್ಲಬೇ, ಬಸ್ಸಿತ್ತು.”

“ಬಸ್ಸಿತ್ತಂತ! ಮಗಳು ಕಳದ ಮ್ಯಾಲ ಆ ತಾಯಿಗೆ ಹಾಡಾಕ ಬರಂಗಿಲ್ಲ. ಮಗಳು ಸಿಕ್ಕ ಮ್ಯಾಲ ಬರತೈತಿ. ಅದ ನಾಟಕ. ಚಂದ್ರಾಬಾಯಿ ಬೇಕಂತ ಹಂಗ ಒಡದು ಹಾಡತಾಳ.”

ಅಷ್ಟಕ್ಕೇ ಮುಗಿಯಲಿಲ್ಲ. ಕಂಪನಿಯ ಮುಕ್ಕಾಮು ಆಗ ಹಿರೇಕೆರೂರಿಗೆ ಬಂದಿತ್ತು. ಚಂದ್ರಾಬಾಯಿ ಬಾಡಿಗೆ ಹಿಡಿದದ್ದು ಶಾಂತಕ್ಕನ ಹಿತ್ತಿಲ ಮನೆಯನ್ನೇ. “ಕಂಪನಿ ಮಾಲಕರು ನಿಮ್ಮ ಬರಹ ಕಿಸೆದಾಗ ಇಟ್ಕೊಂಡು ಅಡ್ಡಾಡಾಕತ್ತಾರ. ಈ ಐತವಾರ ಆದ ಮ್ಯಾಲ ಆ ಪಾತ್ರ ಬ್ಯಾರೆ ಹುಡುಗಿಗಂತ. ಚಂದ್ರಾಬಾಯಿಗೆ ನೆರೆಮನಿ ಮುದಕಿ ಪಾತ್ರ. ಹಾಡ ಇಲ್ಲ ಅದಕ್ಕ. ಆಕಿ ಉಣ್ಣೋದು ಬಿಟ್ಟಾಳ.”

ಭಾನುವಾರ ಆಟಕ್ಕೆ ಮುಂಚೆಯೇ ಹಿರೇಕೆರೂರಿಗೆ ಹೋದೆ. ಮಾಲಕರು ಥೇಟರಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಅರ್ಧಕ್ಕೆ ಎದ್ದು ಹೋದದ್ದನ್ನು ಒಪ್ಪಿಕೊಂಡು, ತಿದ್ದಿ ಬರೆಯುತ್ತೇನೆ ಎಂದೆ.

“ಬರೀರಿ, ಬ್ಯಾಡ ಅನ್ನಂಗಿಲ್ಲ. ಬೈದದ್ದನ್ನ ಓದಿದಂಗ ತಿದ್ದಿದ್ದನ್ನ ಯಾರ ಓದ್ತಾರ್ರೀ?” ಎಂದರು ಅವರು. “ಮತ್ತ ನೀವೊಬ್ರ ಅಲ್ಲ. ಬಸ್ಸಿನ ಹೊತ್ತಿಗೆ ಅರ್ಧ ಥೇಟರ್ ಏಳತೈತಿ. ಅವರೆಲ್ಲಾ ಊರಿಗೆ ಹೋಗಿ ಬಾಯಿಂದ ಹೇಳ್ತಾರ. ನೀವು ಬರದು ಹೇಳಿದ್ರಿ, ಅಷ್ಟ ಫರಕು. ಕಡೀ ಹಾಡ ಕೇಳಾಕ ಯಾರೂ ಇರಂಗಿಲ್ಲ ಅಂದ್ರ ನನಗ ಮೊದಲಿಂದನ ಛಲೋ ಹಾಡಾಕಿ ಬೇಕು.”

ಅವರ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ.

ಆಮೇಲೆ ಶಾಂತಕ್ಕ ನನ್ನನ್ನು ರಂಗದ ಹಿಂದಕ್ಕೆ ಕರೆದೊಯ್ದಳು. ಚಂದ್ರಾಬಾಯಿ ಅರ್ಧ ಬಣ್ಣ ಬಳಿದುಕೊಂಡು ಕನ್ನಡಿಯ ಮುಂದೆ ಕೂತಿದ್ದಳು. ಅಲ್ಲಿ ಆಕೆ ಏನೆಂದಳು ಎಂಬುದನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ: “ನನ್ನ ದನಿ ಹೋಗೇತಿ ಅಂತ ನೀವ ನಂಬಿದ್ರಿ ಅಂದ್ರ ನನ್ನ ಪಾರ್ಟು ಗೆದ್ದಂಗಾತು ಬಿಡ್ರಿ.” ಎಷ್ಟು ಚೆಂದದ ಮಾತು! ಚೆಂದ ಹೆಚ್ಚಾದುದರಿಂದಲೇ ಈಗ ನನಗೆ ಅನುಮಾನ. ವಾರಗಟ್ಟಲೆ ಉಣ್ಣದ ಹೆಂಗಸು ಉಣ್ಣದಂತೆ ಮಾಡಿದವನಿಗೆ ಹೀಗೆ ಹೂವು ಎತ್ತಿ ಕೊಡುತ್ತಾಳೆಯೆ? ಇನ್ನೂ ವರ್ಷ ತುಂಬಿಲ್ಲ, ಆಗಲೇ ನೆನಪು ಇಸ್ತ್ರಿ ಹಾಕಿಸಿಕೊಂಡು ಬಂದಿದೆ. ಪಕ್ಕದಲ್ಲಿಯೇ ನಿಂತಿದ್ದ ಶಾಂತಕ್ಕನ ಪ್ರಕಾರ ಆಕೆ ಕೇಳಿದ್ದು ಒಂದೇ:

“ನಿಮ್ಮ ಬಸ್ಸು ಎಷ್ಟಕ್ಕರಿ?”

“ಇಲ್ಲಿಂದನೂ ಆರೂವರಿಗೆ.”

“ನಾ ಹಾಡೋದು ಏಳಕ್ಕ” ಎಂದು ಕನ್ನಡಿಯ ಕಡೆ ತಿರುಗಿದಳಂತೆ.

ದಾರಿ ತೋರಿಸಿದವಳು ಶಾಂತಕ್ಕ. ನೇರ ಮಾಲಕರ ಹತ್ತಿರ ಹೋಗಿ, ಮಕ್ಕಳಿಗೆ ಹೇಳುವ ಧಾಟಿಯಲ್ಲಿ ಹೇಳಿದಳು. “ಜನ ಬಸ್ಸಿಗೆ ಹೋಗತಾರ, ನಾಟಕ ಸೇರಲಿಲ್ಲ ಅಂತಲ್ಲ. ಬಸ್ಸಿನ ಟಾಯಮು ನಿಮ್ಮ ಕೈಯಾಗಿಲ್ಲ. ಗಂಟಿ ನಿಮ್ಮ ಕೈಯಾಗ ಐತಿ. ಮೂರರ ಬದಲಿ ಎರಡಕ್ಕ ಹೊಡೀರಿ.”

“ಊಟ ಮಾಡಿ ಅಡ್ಡಾಗೋ ಹೊತ್ತಿಗೆ ಯಾವ ಮಂದಿ ಬರತಾರ್ರೀ ಅಕ್ಕಾರ?”

“ಒಂದ ಐತವಾರ ನೋಡ್ರಿ. ಬರಲಿಲ್ಲಂದ್ರ ಮುದಕಿ ಪಾರ್ಟು ಇದ್ದ ಐತಿ.”

“ನೋಡೂಣ್ರಿ” ಎಂದು ಮಾಲಕರು ಎದ್ದು ಒಳಗೆ ಹೋದರು. ಆವತ್ತಿನ ಆಟ ಮೂರಕ್ಕೇ ಶುರುವಾಯಿತು. ಎರಡನೆಯ ಅಂಕ ಮುಗಿಯುತ್ತಲೇ ಅರ್ಧ ಥೇಟರು ಎದ್ದಿತು. ಎದ್ದು ಹೋಗುವವರನ್ನು ಕೂತು ನೋಡಿದ್ದು ನನಗೆ ಅದೇ ಮೊದಲು. ಬಗಲಲ್ಲಿ ಚೀಲ, ಮುಖದ ಮೇಲೆ ಆಗಲೇ ಒಂದು ತೀರ್ಮಾನ. ಎಲ್ಲರೂ ನನ್ನಂತೆಯೇ ಕಂಡರು.

ಏಳು ಗಂಟೆಗೆ ಆ ಹಾಡು ಬಂತು. ಕಾಲುಪೆಟ್ಟಿಗೆ ಮೇಲಿನ ಸ್ವರದಲ್ಲಿ ಕಾದು ನಿಂತಿತ್ತು. ಚಂದ್ರಾಬಾಯಿ ಅಲ್ಲಿಗೆ ಹೋದಳು. ಅದನ್ನೂ ದಾಟಿ ಹೋದಳು. ಖಾಲಿ ಕುರ್ಚಿಗಳಿಗೂ ಕೇಳಿಸುವಂತೆ ಹಾಡಿದಳು. ಅದರ ಬಗ್ಗೆ ಇನ್ನೂ ಒಂದು ಒಳ್ಳೆಯ ವಾಕ್ಯ ನನ್ನ ಹತ್ತಿರವಿದೆ, ಬರೆಯುವುದಿಲ್ಲ.

ಮುಂದಿನ ಭಾನುವಾರ ಗಂಟೆ ಎರಡಕ್ಕೆ ಹೊಡೆಯಿತು. ತಾಯಿಯ ಪಾತ್ರದಲ್ಲಿ ಚಂದ್ರಾಬಾಯಿಯೇ ಇದ್ದಳು. ನಾನು ಅಂದು ನಾಟಕ ನೋಡಲಿಲ್ಲ, ಬಾಗಿಲು ನೋಡುತ್ತ ಕೂತೆ. ಎರಡನೆಯ ಅಂಕ ಮುಗಿಯಿತು. ಒಬ್ಬ ಎದ್ದ, ನಾನೂ ಅರ್ಧ ಎದ್ದೆ. ಅವನು ಚಹ ಕುಡಿದು ವಾಪಸು ಬಂದ. ಕೊನೆಯ ಹಾಡಿಗೆ ಥೇಟರು ತುಂಬಿಯೇ ಇತ್ತು. ಪರದೆ ಬಿದ್ದಾಗ ಮಾಲಕರು ಕಿಸೆಯಿಂದ ಆ ಕಾಗದದ ತುಂಡನ್ನು ತೆಗೆದು ನನ್ನ ಕೈಗಿಟ್ಟರು. “ತೊಗೊಳ್ರಿ, ನಿಮ್ಮ ಸಾಮಾನು.” ಅಷ್ಟು ಸಣ್ಣ ಕಾಗದ ಎದೆಯ ಮೇಲೆ ಅಷ್ಟು ಭಾರ ಹೇಗೆ ಕೂತಿತ್ತೋ! ಹೊರಗೆ ಬಂದು ನಿಂತಾಗ ಹಸಿವೆಯಾಯಿತು. ಆಮೇಲೆ ಶಾಂತಕ್ಕ ಹೇಳಿದಳು, ಆ ರಾತ್ರಿ ಚಂದ್ರಾಬಾಯಿಗೂ ಆಗಿತ್ತಂತೆ. ಎರಡು ರೊಟ್ಟಿ ಹೆಚ್ಚು ಕೇಳಿದಳಂತೆ.

ನನ್ನ ತಿದ್ದುಪಡಿ ಪತ್ರಿಕೆಯ ಒಂದು ಮೂಲೆಯಲ್ಲಿ ಬಂತು. ಮಾಲಕರು ಹೇಳಿದಂತೆ ಯಾರೂ ಓದಲಿಲ್ಲ.

ಆಮೇಲೆ ನಾವು ಪುಸ್ತಕ ಸೀಳುವುದನ್ನು ಬಿಟ್ಟೆವು. ಈಗ ಇಡೀ ಪುಸ್ತಕವೇ ಬಸ್ಸಿನಲ್ಲಿ ಊರೂರು ಸುತ್ತುತ್ತದೆ, ಮೂವರು ಕಾಯುತ್ತೇವೆ. ಕಳೆದ ವಾರ ಓದಿ ಮುಗಿಸಿದೆ ಎಂದೆನಲ್ಲ, ಅದು ಹೀಗೆ ಮೊದಲ ಸಲ ನನ್ನ ಪಾಲಿಗೆ ಬಂದ ಇಡೀ ಪುಸ್ತಕ. “ಹೆಂಗೈತಿ?” ಎಂದು ಶಾಂತಕ್ಕನ ಕಾರ್ಡು ಬಂದು ನಾಲ್ಕು ದಿನವಾಯಿತು. ಇನ್ನೂ ಉತ್ತರ ಬರೆದಿಲ್ಲ. ಕೊನೆಯ ಪುಟದ ಆಚೆ ರಟ್ಟಿಗೆ ಹಚ್ಚಿದ ಒಂದು ಖಾಲಿ ಹಾಳೆಯಿತ್ತು. ಅದನ್ನೂ ತಿರುವಿ, ಬೆಳಕಿಗೆ ಹಿಡಿದು ನೋಡಿದೆ. ಏನೂ ಇರಲಿಲ್ಲ. ಎಂಥ ಸಮಾಧಾನ!