ಓದಿ ಹೇಳದ ಹೇಳಿಕೆ

ಹೇಳಿಕೆಯನ್ನು ತಪ್ಪಾಗಿ ಬರೆದವರ ಕೆಲಸ ಹೋಗುವುದಿಲ್ಲ. ಆ ಹೇಳಿಕೆ ಯಾರ ಮೇಲಿದೆಯೋ ಅವರ ಕೆಲಸ ಹೋಗುತ್ತದೆ. ಇದು ಗೊತ್ತಿಲ್ಲದ ಗುಮಾಸ್ತ ಯಾವ ಕಚೇರಿಯಲ್ಲೂ ಇಲ್ಲ. ಬಂದರಿನ ವಿಚಾರಣಾ ಕಚೇರಿಯ ದುಭಾಷಿಗೂ ಗೊತ್ತಿತ್ತು.

ಆಕೆಗೆ ನಲವತ್ತೊಂದು. ಸ್ಪ್ಯಾನಿಷ್ ಕಲಿತದ್ದು ಯಾವ ಕಾಲೇಜಿನಲ್ಲೂ ಅಲ್ಲ. ಹಡಗಿನವರಿಗೆ ಸಿಮ್ ಕಾರ್ಡು ಮಾರುವ ಅಂಗಡಿಯಲ್ಲಿ ಆರು ವರ್ಷ ನಿಂತು, ಹಳೆಯ ವ್ಯಾಕರಣದ ಪುಸ್ತಕವೊಂದನ್ನು ಹಾಳೆ ಉದುರುವ ತನಕ ಓದಿ ಕಲಿತದ್ದು. ಆ ಭಾಷೆಯ ಕ್ರಿಯಾಪದ ಆಕೆಗೆ ಅಳು ತರಿಸಿಬಿಟ್ಟಿತ್ತು. ಕಂಡದ್ದಕ್ಕೆ, ಖಚಿತವಾಗಿ ಗೊತ್ತಿರುವುದಕ್ಕೆ ಒಂದು ರೂಪ. ಅನುಮಾನಕ್ಕೆ, ಆಸೆಗೆ, ಭಯಕ್ಕೆ ಇನ್ನೊಂದು. ‘ಬಹೋ’ ಎಂದರೆ ಇಳಿಸಿದ. ‘ಪ್ವೇದೆ ಕೆ ಬಹಾರಾ’ ಎಂದರೆ ಇಳಿಸಿರಬಹುದು, ಆಣೆ ಮಾಡಿ ಹೇಳಲಾರೆ. ಯಾವುದನ್ನು ಎಲ್ಲಿ ಹಾಕಬೇಕೆಂದು ಕೈಗೆ ಹತ್ತಲು ಎರಡು ವರ್ಷ ಹಿಡಿಯಿತು. ಹತ್ತಿದ ಮೇಲೆ ಅನ್ನಿಸಿತು: ನಮ್ಮಲ್ಲೂ ‘ಬಂದಾನು, ಹೋದಾನು’ ಇದೆಯಲ್ಲ, ಕಚೇರಿಗೆ ಬಂದ ತಕ್ಷಣ ಅದನ್ನೇಕೆ ಒದ್ದೆ ಛತ್ರಿಯಂತೆ ಬಾಗಿಲ ಹೊರಗೇ ಬಿಡುತ್ತೇವೆ?

ಸೋಮವಾರ ಮೂರನೇ ಹಡಗುಕಟ್ಟೆಯಲ್ಲಿ ಕ್ರೇನಿನ ಕೊಕ್ಕೆಯಿಂದ ಪೆಟ್ಟಿಗೆಗಳ ಅಟ್ಟಿ ಜಾರಿತು. ಕೆಳಗಿದ್ದ ಹಮಾಲಿಯ ಪಾದ ಜಜ್ಜಿಹೋಯಿತು. ಕ್ರೇನ್ ನಡೆಸುತ್ತಿದ್ದವನನ್ನು ಬಂದರಿನವರೆಲ್ಲ ಕರೆಯುವುದು ಕೊಕ್ಕರೆ ಎಂದು. ಉದ್ದ ಕತ್ತು, ಪುಟ್ಟ ತಲೆ, ಹದಿನೇಳು ವರ್ಷದಿಂದ ಆ ಎತ್ತರದಲ್ಲೇ ವಾಸ. ಅವನು ಕೆಳಗಿನವನ ಸನ್ನೆಗೆ ಕಾಯದೆ ಸರಕು ಇಳಿಸಿದನೇ? ಅವನ ಕೆಲಸ ಉಳಿಯುವುದು ಬಿಡುವುದು ಈ ಒಂದೇ ಪ್ರಶ್ನೆಯ ಮೇಲೆ. ಅಂದೇ ಹಡಗಿನ ಅಡುಗೆಯವನನ್ನು ಸಾಕ್ಷಿಯಾಗಿ ಕರೆಸಿದರು.

“ಪ್ವೇದೆ ಕೆ ಬಹಾರಾ,” ಎಂದ ಆತ, ಟೋಪಿಯನ್ನು ಹಿಂಡುತ್ತಾ.

“ಕಾಯದೆ ಇಳಿಸಿರಬಹುದು ಅಂತಾನೆ ಸಾರ್,” ಎಂದಳು ದುಭಾಷಿ.

ವಿಚಾರಣಾಧಿಕಾರಿ ಪೆನ್ನು ಕುಟ್ಟಿದರು. “ಬಹುದು ಗಿಹುದು ನನಗೆ ಬೇಡಮ್ಮಾ. ಅಡ್ಡಗೋಡೆ ಮೇಲೆ ದೀಪ ಇಡೋದಕ್ಕೆ ಕಚೇರಿ ಯಾಕೆ ಬೇಕು? ಇಳಿಸಿದ್ನೋ ಇಲ್ವೋ? ಹೊರಗೆ ಇನ್ನೂ ಏಳು ಜನ ಕೂತಿದಾರೆ.”

ಆಕೆ ಬರೆದಳು: ಇಳಿಸಿದ.

ಇಂಥ ಜಾರುವಿಕೆಗೆಂದೇ ಒಂದು ನಿಯಮವಿದೆ. ಬರೆದದ್ದನ್ನು ಹೇಳಿದವನ ಭಾಷೆಯಲ್ಲಿ ಓದಿ ಹೇಳಬೇಕು, ಒಪ್ಪಿದ ಮೇಲೆ ಸಹಿ. ಆದರೆ ಆ ಕಚೇರಿಯ ರೂಢಿ ಬೇರೆ. ‘ಓದಿ ಹೇಳಲಾಯಿತು, ಸರಿಯೆಂದು ಒಪ್ಪಿದರು’ ಎಂಬ ಮೊಹರನ್ನು ಬೆಳಿಗ್ಗೆಯೇ ಐವತ್ತು ಖಾಲಿ ಹಾಳೆಗಳ ಅಡಿಗೆ ಒತ್ತಿ, ಪಕ್ಕದಲ್ಲಿ ದುಭಾಷಿಯ ಸಹಿ ಹಾಕಿ ಇಡುತ್ತಿದ್ದರು. ಟೈಮ್ ಉಳಿಯುತ್ತದಂತೆ! ಮಾತು ಹುಟ್ಟುವ ಮುಂಚೆಯೇ ಒಪ್ಪಿಗೆ ಹುಟ್ಟಿರುತ್ತಿತ್ತು. ಮೊಹರು ಒತ್ತುತ್ತಿದ್ದವಳು ಆಕೆಯೇ. ಅಡುಗೆಯವನು ತನಗೆ ಓದಲು ಬಾರದ ಅಕ್ಷರಗಳ ಕೆಳಗೆ ಸಹಿ ಹಾಕಿ, ನಮಸ್ಕರಿಸಿ ಹೋದ.

ಮಂಗಳವಾರ ಚಹಾದಂಗಡಿಯಲ್ಲಿ ಕೊಕ್ಕರೆ ಎದುರಾದ.

“ಅಕ್ಕಾ, ಆ ಅಡುಗೆಯವನು ಏನೂ ನೋಡೇ ಇಲ್ವಂತಲ್ಲಾ? ಹಡಗಿನವರು ಮಾತಾಡ್ಕೊಳ್ತಿದ್ರು. ನಾಡಿದ್ದು ವಿಚಾರಣೆ ಮುಗಿದ್ರೆ ಸಾಕು, ಮತ್ತೆ ಮೇಲೆ ಹತ್ತಿಬಿಡ್ತೀನಿ. ನೆಲದ ಮೇಲೆ ನಿಂತ್ರೆ ನನಗೆ ತಲೆ ಸುತ್ತತ್ತೆ ಕಣಕ್ಕಾ!”

ಆಕೆಯ ಲೋಟ ತುಳುಕಿ ಬೆರಳು ಸುಟ್ಟಿತು. “ನೋಡೋಣಪ್ಪಾ,” ಎಂದಳು. ಅರ್ಧ ಲೋಟ ಚಹಾ ಬಿಟ್ಟು ಎದ್ದಳು.

ಸಂಜೆ ಮನೆಯಲ್ಲಿ ಅತ್ತೆ ಗಮನಿಸಿದರು. “ಅದೇ ಟವೆಲ್ ಮೂರು ಸಲ ಮಡಚಿದೆ. ಎರಡು ಭಾಷೆ ಕಲಿತು ಎರಡರಲ್ಲೂ ಮೂಗಿ ಆದ್ಯಲ್ಲೇ! ಏನಾಯ್ತು?”

ಆಕೆ ಹೇಳಿದಳು. “ಅವನು ಕಾಣದ್ದನ್ನ ಕಂಡ ಅಂತ ನೀನು ಬರೆದೆ,” ಎಂದರು ಅತ್ತೆ. “ಹೋಗಿ ಕೇಳು. ಹಡಗೇನು ನಿನ್ನ ಮಾವ ಕಟ್ಟಿಸಿದ ಗೋಡೆಯೇ, ನಿಂತಲ್ಲೇ ನಿಂತಿರೋದಕ್ಕೆ?”

ಬುಧವಾರ ಹನ್ನೊಂದಕ್ಕೆ ಹಡಗು ಹೊರಡುವುದಿತ್ತು. ಹೇಳಿಕೆಯ ನಕಲು ಹಿಡಿದು ಆಕೆ ಗೇಟಿಗೆ ಬಂದಾಗ ಹತ್ತು ಕಾಲು. ಕಾವಲುಗಾರ ಪಾಸನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಹತ್ತು ಇಪ್ಪತ್ತೈದು. ಕಟ್ಟೆಯುದ್ದಕ್ಕೂ ಓಡಿದಳು; ಹಗ್ಗ ಬಿಚ್ಚುವವರು ಆಗಲೇ ಕೈಗವಸು ಹಾಕಿಕೊಂಡಿದ್ದರು. ಇನ್ನೇನು ಏಣಿ ಎತ್ತಿದರೆ ಕೊಕ್ಕರೆಯ ಹದಿನೇಳು ವರ್ಷ ನೀರುಪಾಲು. ಕೂಗಿ ಕರೆದದ್ದಕ್ಕೆ ಅಡುಗೆಯವನು ಏಪ್ರನ್‌ನಲ್ಲೇ ಇಳಿದು ಬಂದ. ಏಣಿಯ ಬುಡದಲ್ಲಿ ನಿಂತು, ಏದುಸಿರಿನ ನಡುವೆ, ತಾನು ಬರೆದದ್ದನ್ನು ಅವನ ಭಾಷೆಯಲ್ಲಿ ಓದಿದಳು. ‘ಬಹೋ’ ಎಂಬಲ್ಲಿಗೆ ಬಂದಾಗ ಅವನು ಎರಡೂ ಕೈ ಎತ್ತಿದ.

“ಇಲ್ಲ ತಾಯಿ! ನಾನು ನೋಡಿಲ್ಲ. ಒಳಗೆ ಈರುಳ್ಳಿ ಹೆಚ್ತಾ ಇದ್ದೆ, ಸದ್ದು ಕೇಳಿ ಹೊರಗೆ ಬಂದೆ. ಸಾಹೇಬರು ಕೇಳಿದರಲ್ಲ ಅಂತ ‘ಇರಬಹುದು’ ಅಂದೆ. ಏನು ಬೇಕಾದರೂ ಇರಬಹುದಲ್ಲ!”

ಈರುಳ್ಳಿ ವಾಸನೆಯ ಕೈಯಲ್ಲಿ, ನಕಲಿನ ಹಿಂಬದಿಗೆ, ಅದನ್ನೇ ಮೂರು ಸಾಲು ಬರೆದುಕೊಟ್ಟ.

ಕಚೇರಿಯಲ್ಲಿ ಅಧಿಕಾರಿ ಆ ಹಾಳೆಯನ್ನು ಮುಟ್ಟಲೂ ಇಲ್ಲ, ಸೋಮವಾರದ ಹೇಳಿಕೆಯನ್ನು ತೆಗೆದು ತೋರಿಸಿದರು. “ಇಲ್ಲಿ ನಿಮ್ಮ ಸಹಿ ಇದೆ. ಓದಿ ಹೇಳಿದೀರಿ, ಒಪ್ಪಿದಾನೆ. ಈಗ ಇನ್ನೊಂದು ತಂದ್ರೆ ಯಾವುದು ಸುಳ್ಳು ಅಂತ ನಾನು ಕೇಳಬೇಕಾಗತ್ತೆ. ಸುಮ್ನೆ ಮಡಚಿ ಬ್ಯಾಗಲ್ಲಿ ಇಟ್ಕೊಳ್ಳಿ.”

ಆಕೆ ಮಡಚಲಿಲ್ಲ. “ಮೊದಲನೇದು ಸುಳ್ಳು ಸಾರ್.”

“ಸುಳ್ಳು ಇರಬಹುದು ಅಂತೀರೋ?” ಎಂದು ನಕ್ಕರು.

“ಬಹುದು ಅಲ್ಲ ಸಾರ್. ಸುಳ್ಳು. ನಾನು ಓದಿ ಹೇಳಲಿಲ್ಲ.”

ಮೊಹರನ್ನು ಮೊದಲೇ ಒತ್ತಿ, ಖಾಲಿ ಹಾಳೆಗೆ ಸಹಿ ಹಾಕುತ್ತಿದ್ದೆ ಎಂದು ಅಲ್ಲೇ ನಿಂತು ಬರೆದುಕೊಟ್ಟಳು. ಅಕ್ಷರಗಳು ಇರುವೆ ಸಾಲಿನಂತೆ ಅಂಕುಡೊಂಕಾದವು.

ಗುರುವಾರದ ವಿಚಾರಣೆ ಮುಂದಕ್ಕೆ ಹೋಗಿದೆ. ಯಾವಾಗ ಎಂದು ಯಾರೂ ಹೇಳುತ್ತಿಲ್ಲ. ಕೊಕ್ಕರೆ ಇನ್ನೂ ನೆಲದ ಮೇಲಿದ್ದಾನೆ. ಆಕೆಗೂ ‘ತಿಳಿಸುವವರೆಗೆ ಬರಬೇಡಿ’ ಎಂದಿದ್ದಾರೆ. ತಪ್ಪು ಬರೆದದ್ದಕ್ಕೆ ಯಾರೂ ಏನೂ ಅಂದಿರಲಿಲ್ಲ, ತಪ್ಪೆಂದು ಒಪ್ಪಿಕೊಂಡದ್ದು ಅಪರಾಧವಾಯಿತು. ಫೋನು ಸದ್ದು ಮಾಡಿದಾಗಲೆಲ್ಲ ಸೊಸೆಯೂ ಅತ್ತೆಯೂ ಒಟ್ಟಿಗೆ ಎದ್ದು ನಿಲ್ಲುತ್ತಾರೆ.

ಪೊಲೀಸ್ ಠಾಣೆಯೋ, ಆಸ್ಪತ್ರೆಯೋ, ಶಾಲೆಯ ಕಚೇರಿಯೋ, ಇನ್ನೊಬ್ಬರ ಮಾತನ್ನು ಬರೆದುಕೊಳ್ಳುವ ಕುರ್ಚಿಯಲ್ಲಿ ನೀವು ಕೂತಿದ್ದರೆ, ಇವತ್ತು ಬರೆದದ್ದನ್ನು ಇವತ್ತೇ ಅವರಿಗೆ ಅರ್ಥವಾಗುವಂತೆ ಪೂರ್ತಿ ಓದಿ ಹೇಳಿ. ಅವರು ‘ಅಲ್ಲ’ ಎಂದರೆ ಆ ಸಾಲನ್ನು ಅವರ ಕಣ್ಣೆದುರೇ ಹೊಡೆದು ಹಾಕಿ.