ಅದೇ ಡಬ್ಬಿಯ ಗುಂಡುಗಳು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರು ಹೇಳುವುದು ಸುಳ್ಳಲ್ಲ. ಆದರೆ ಆ ಭಾನುವಾರದ ಸಿಟ್ಟಿಗೆ ಕಾರಣವಿತ್ತು. ವಡೋದರಾದ ಹೊರವಲಯದಲ್ಲಿರುವ ನಮ್ಮ ರೈಫಲ್ ಕ್ಲಬ್ಬಿನಲ್ಲಿ, ಅಹಮದಾಬಾದಿನ ಪಂದ್ಯಕ್ಕೆ ಕಳಿಸಲು ನಾಲ್ವರ ತಂಡವನ್ನು ಆರಿಸುತ್ತಿದ್ದರು. ಪಾಯಿಂಟ್ ಟೂ ಟೂ ರೈಫಲ್, ಐವತ್ತು ಮೀಟರ್ ದೂರದ ಗುರಿ, ಮಲಗಿ ಹೊಡೆಯಬೇಕು. ನಾನು ಕೆಟ್ಟದಾಗಿ ಹೊಡೆದೆ. ತೂತುಗಳು ಏಣಿಯ ಮೆಟ್ಟಿಲಿನಂತೆ ಒಂದರ ಮೇಲೊಂದು ಬಿದ್ದಿದ್ದವು. ಇನ್ನಿಬ್ಬರು ಗಂಡಸರ ಗುರಿಹಲಗೆಯಲ್ಲೂ ಅದೇ ಏಣಿ. ಮೂವರೂ ಒಂದೇ ಡಬ್ಬಿಯಿಂದ ಗುಂಡು ತೆಗೆದುಕೊಂಡಿದ್ದೆವು.

ನಮ್ಮ ಕೋಚ್ ಸೇನೆಯಿಂದ ನಿವೃತ್ತರಾದವರು. ಆಯ್ಕೆಯ ರಿಜಿಸ್ಟರಿನಲ್ಲಿ ಪ್ರತಿ ಹೆಸರಿನ ಮುಂದೆ ಅಂಕ ಬರೆದು, ಪಕ್ಕದಲ್ಲೊಂದು ಷರಾ ಬರೆಯುವುದು ಅವರ ಪದ್ಧತಿ. ಆ ಇಬ್ಬರ ಮುಂದೆ ‘ಗುಂಡಿನ ಲಾಟ್ ಸರಿಯಿಲ್ಲ, ಮತ್ತೊಂದು ಅವಕಾಶ’ ಎಂದು ಬರೆದರು. ನನ್ನ ಮುಂದೆ ಒಂದೇ ಪದ: ‘ಗಾಬರಿ’.

ಮೈಯೆಲ್ಲ ಉರಿದುಹೋಯಿತು.

“ಸಾಬ್, ಅದೇ ಡಬ್ಬಿ. ಅವರಿಗಾದರೆ ಲಾಟ್ ಕೆಟ್ಟದ್ದು, ನನಗಾದರೆ ಗಾಬರಿ. ಇದು ಹೇಗೆ?” ಎಂದು ಹಿಂದಿಯಲ್ಲಿ ಕೇಳಿದೆ.

“ಬೆಹನ್‌ಜಿ, ಹೆಂಗಸರಿಗೆ ಪಂದ್ಯ ಅಂದ ಕೂಡಲೇ ಉಸಿರು ತಪ್ಪುತ್ತದೆ, ಉಸಿರಿನ ಜೊತೆ ನಳಿಗೆ ಮೇಲೆ ಕೆಳಗೆ ಆಡುತ್ತದೆ. ಲಾಟ್ ಕೆಟ್ಟದ್ದು ಅನ್ನುವುದಾದರೆ ಮುಂದಿನ ಭಾನುವಾರದೊಳಗೆ ತೋರಿಸಿ. ನಿಮಗೂ ಅವಕಾಶ ಕೊಡುತ್ತೇನೆ.”

“ಅವರಿಬ್ಬರು ತೋರಿಸಿದರಾ?”

ಕೋಚ್ ಪೆನ್ನಿನ ಕ್ಯಾಪ್ ಮುಚ್ಚಿದರು.

ನಾನು ಕುಂದಾಪುರದ ಕಡೆಯವಳು. ಮದುವೆಯಾಗಿ ಬಂದಾಗಿನಿಂದ ವಡೋದರಾದ ಫತೇಗಂಜಿನಲ್ಲಿರುವ ನಮ್ಮ ಹೋಟೆಲಿನ ಗಲ್ಲಾದಲ್ಲಿ ಕೂತವಳು. ಹಸಿದ ಹಾಸ್ಟೆಲ್ ಹುಡುಗರ ಗದ್ದಲದಲ್ಲಿ ಇಪ್ಪತ್ತು ವರ್ಷ ಕಳೆದವಳಿಗೆ ಗಾಬರಿ ಎನ್ನುವುದೆಂದರೇನು? ಕಾಲೇಜಿನ ಎನ್‌ಸಿಸಿಯಲ್ಲಿ ಕಲಿತ ರೈಫಲನ್ನು ನಲವತ್ತು ದಾಟಿದ ಮೇಲೆ ಮತ್ತೆ ಹಿಡಿದಿದ್ದೆ. ತಂಡದ ನಾಲ್ಕನೆಯ ಸ್ಥಾನ ನನಗೆ ಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಆ ಷರಾ ನನ್ನ ಹೆಸರಿನ ಪಕ್ಕದಿಂದ ಹೋಗಬೇಕಿತ್ತು.

ಲಾಟ್, ಅಂದರೆ ಒಟ್ಟಿಗೆ ತಯಾರಾದ ಗುಂಡುಗಳ ಕಂತು, ಕೆಟ್ಟದ್ದು ಎಂದರೆ ಒಂದೊಂದು ಗುಂಡು ಒಂದೊಂದು ವೇಗದಲ್ಲಿ ಹೊರಡುತ್ತದೆ. ನಿಧಾನದ್ದು ಕೆಳಗೆ ಬೀಳುತ್ತದೆ, ವೇಗದ್ದು ಮೇಲೆ. ಅದನ್ನು ತೋರಿಸಲು ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಬೇಕು. ಅದು ಇದ್ದದ್ದು ಸೂರತ್ತಿನಲ್ಲಿ, ವರಾಛಾದ ಒಬ್ಬ ಕಾಕಾ ಬಳಿ. ವಜ್ರ ವಿಂಗಡಿಸುವುದು ಅವರ ಕಸುಬು, ಏರ್ ರೈಫಲ್ ರಿಪೇರಿ ಹವ್ಯಾಸ. ನಮ್ಮ ಕ್ಲಬ್ಬಿನ ಏರ್ ರೈಫಲನ್ನೂ ಅವರೇ ಸರ್ವಿಸ್ ಮಾಡಿದ್ದರು. ಸೋಮವಾರ ಬೆಳಗಿನ ರೈಲು ಹತ್ತಿದೆ.

ಕಾಕಾ ಆಗ ವಜ್ರದ ಕಲ್ಲು ತೂಗುತ್ತಿದ್ದರು. ಗಾಜಿನ ಪೆಟ್ಟಿಗೆಯೊಳಗೆ ತಕ್ಕಡಿ. ಫ್ಯಾನ್ ಆರಿಸಿದರು, ಮೊದಲು ಒಂದು ಹಿತ್ತಾಳೆಯ ತೂಕದ ಬೊಟ್ಟು ಇಟ್ಟು ನೋಡಿದರು, ಆಮೇಲೆ ಕಲ್ಲು ಇಟ್ಟರು.

“ಮೊದಲು ಗೊತ್ತಿರುವುದನ್ನು ತೂಗಬೇಕು, ಬೆಹನ್. ತಕ್ಕಡಿ ನಿಜ ಹೇಳುತ್ತಿದೆ ಎಂದು ಖಾತ್ರಿಯಾದ ಮೇಲೆ ಗೊತ್ತಿಲ್ಲದ್ದನ್ನು. ಈ ಯಂತ್ರಕ್ಕೂ ಅದೇ,” ಎನ್ನುತ್ತ ಕ್ರೋನೋಗ್ರಾಫನ್ನು ನನ್ನ ಕೈಗೆ ಕೊಟ್ಟರು. ಬೆಳಕಿನ ಬಗ್ಗೆಯೂ ಏನೋ ಹೇಳಿದರು. ಗಿರಾಕಿಗಳ ಮಾತಿಗೆ ತಲೆಯಾಡಿಸುವಂತೆ ಆಡಿಸಿದೆ. ನನ್ನ ಲಕ್ಷ್ಯವೆಲ್ಲ ವಾಪಸು ರೈಲಿನ ಮೇಲೆ.

ಯಂತ್ರ ಊಟದ ಡಬ್ಬಿಯಷ್ಟು ದೊಡ್ಡದು. ಮೇಲಕ್ಕೆ ನೋಡುವ ಎರಡು ಕಣ್ಣು. ಗುಂಡು ಮೇಲಿನಿಂದ ಹಾದಾಗ ಅದರ ನೆರಳು ಒಂದು ಕಣ್ಣಿನಿಂದ ಇನ್ನೊಂದಕ್ಕೆ ಹೋಗಲು ಎಷ್ಟು ಹೊತ್ತಾಯಿತೆಂದು ಲೆಕ್ಕ ಹಾಕಿ ವೇಗ ಹೇಳುತ್ತದೆ. ಕಣ್ಣುಗಳ ಮೇಲೆ ಹಿಡಿಯುವ ಬಿಳಿ ಮರೆ ಮುರಿದುಹೋಗಿತ್ತು. ಇರಲಿ ಬಿಡು ಎಂದುಕೊಂಡೆ.

ಬುಧವಾರ ಬೆಳಿಗ್ಗೆ ಕ್ಲಬ್ಬಿನ ತಗಡಿನ ಶೆಡ್ಡಿನಲ್ಲಿ, ಟ್ಯೂಬ್‌ಲೈಟುಗಳ ಕೆಳಗೆ, ನಳಿಗೆಯ ತುದಿಗೆ ತಾಗುವಷ್ಟು ಹತ್ತಿರ ಯಂತ್ರ ಇಟ್ಟೆ. ನನ್ನ ಕೈಯ ತಪ್ಪು ಸೇರಬಾರದೆಂದು ರೈಫಲನ್ನು ಐದು ಕಿಲೋ ಅಕ್ಕಿಯ ಚೀಲದ ಮೇಲೆ ಒರಗಿಸಿ, ಗುರಿಯ ಕಾಗದದಲ್ಲಿ ಒಂದೊಂದು ಗುಂಡಿಗೆ ಒಂದೊಂದು ವೃತ್ತದಂತೆ ಹೊಡೆದೆ. ಸೆಕೆಂಡಿಗೆ ಒಂಬೈನೂರು ಅಡಿ. ಸಾವಿರದ ಐನೂರು. ಸಾವಿರದ ಇನ್ನೂರು. ಒಂದಕ್ಕೊಂದು ಸಂಬಂಧವೇ ಇಲ್ಲ! ನಾನು ಕುಣಿಯುವುದೊಂದು ಬಾಕಿ. ಆ ಇಬ್ಬರು ಗಂಡಸರೂ ಚಪ್ಪಾಳೆ ತಟ್ಟಿದರು. ಅವರಲ್ಲಿ ಎತ್ತರದವರು, “ಯಂತ್ರ ಸುಳ್ಳು ಹೇಳುತ್ತದೆಯೇ?” ಎಂದು ನನಗೆ ಚಹಾ ತರಿಸಿಕೊಟ್ಟರು. ಕೋಚ್ ಅಂಕಿಗಳನ್ನು ನೋಡಿ, “ಸರಿ, ಭಾನುವಾರ ನೀವೂ ಹೊಡೆಯಿರಿ,” ಎಂದರು.

ಮರುದಿನ ಮಧ್ಯಾಹ್ನ ಹೋಟೆಲಿನಲ್ಲಿ ಗಿರಾಕಿಗಳು ಕಡಿಮೆಯಾದಾಗ, ಗುರಿಯ ಕಾಗದವನ್ನು ಗಲ್ಲಾದ ಮೇಲೆ ಹರಡಿ ತೂತುಗಳ ಪಕ್ಕ ಅವುಗಳ ವೇಗ ಬರೆಯುತ್ತ ಹೋದೆ. ಒಂಬೈನೂರರ ತೂತು ವೃತ್ತದ ನಡುವೆ. ಸಾವಿರದ ಐನೂರರದ್ದೂ ತನ್ನ ವೃತ್ತದ ನಡುವೆಯೇ. ವೇಗ ನಿಜವಾಗಿಯೂ ಅಷ್ಟು ಹೆಚ್ಚುಕಡಿಮೆಯಾಗಿದ್ದರೆ ಒಂದು ತೂತು ಇನ್ನೊಂದಕ್ಕಿಂತ ಅರ್ಧ ಗೇಣು ಕೆಳಗಿರಬೇಕಿತ್ತು. ಕಾಗದದ ಮೇಲೆ ಎಲ್ಲ ಗುಂಡೂ ನೆಟ್ಟಗೆ ಹೋಗಿದ್ದವು. ಹಾಗಾದರೆ ತಪ್ಪು ಯಂತ್ರದ ಅಂಕಿಗಳಲ್ಲೇ ಇತ್ತು.

ಕಾಕಾಗೆ ಫೋನ್ ಮಾಡಿದೆ. ಅವರು ಬೈಯಲಿಲ್ಲ, ಅದೇ ನಾಚಿಕೆ. ಟ್ಯೂಬ್‌ಲೈಟ್ ನಮಗೆ ಕಾಣದಷ್ಟು ಬೇಗ ಮಿನುಗುತ್ತಿರುತ್ತದೆ, ಯಂತ್ರದ ಕಣ್ಣು ಅದನ್ನೇ ನೆರಳೆಂದು ತಿಳಿಯುತ್ತದೆ; ಹತ್ತಿರ ಇಟ್ಟರೆ ನಳಿಗೆಯ ಹೊಗೆಯನ್ನೇ ಗುಂಡೆಂದು ಎಣಿಸುತ್ತದೆ ಎಂದರು. ಹಗಲು ಬೆಳಕಿನಲ್ಲಿ, ನಳಿಗೆಯಿಂದ ಎರಡು ಮಾರು ದೂರದಲ್ಲಿ, ಮೇಲೆ ಬಿಳಿ ಬಟ್ಟೆ ಕಟ್ಟಿ ಹೊಡೆಯಬೇಕಂತೆ. ಇದೆಲ್ಲವನ್ನೂ ಸೋಮವಾರವೇ ಹೇಳಿದ್ದರಂತೆ.

ಗಂಡನಿಗೆ ಹೇಳಿದೆ.

“ಎಂತ ಮರ್ಲ್ ಮಾರಾಯ್ತಿ ನಿಂಗೆ? ಅವ್ರೇ ಇನ್ನೊಂದ್ ಸಲ ಹೊಡಿ ಅಂದ್ರಲ್ದಾ? ಬಾಯ್ಮುಚ್ಕಂಡ್ ಹೊಡ್ದ್ ಬಾ.”

“ಸುಳ್ಳ್ ತೋರ್ಸಿ ಗೆಲ್ಲೂದ್ ನಂಗ್ ಬ್ಯಾಡ.”

“ಸುಳ್ಳ್ ಹೇಳ್ದದ್ ನೀನಲ್ಲ, ಆ ಮಿಷನ್.”

“ನಿನ್ನೆ ತನ್ಕ ಮಿಷನ್. ಇವತ್ತಿಂದ ನಾನ್. ನಿಮ್ಮ ಬಿಳಿ ಪಂಚಿ ಒಂದ್ ಕೊಡಿ.”

“ಹಳೇದ್ ತಕಂಡ್ ಹೋಗ್,” ಎಂದು ಅವರು ತಲೆ ಚಚ್ಚಿಕೊಂಡರು.

ನಿಜ ಹೇಳಬೇಕೆಂದರೆ, ಸುಮ್ಮನಿರುವ ಆಸೆ ನನಗೂ ಇತ್ತು. ಶುಕ್ರವಾರವಿಡೀ ಇತ್ತು. ಆದರೆ ಅಳೆಯದೆ ಷರಾ ಬರೆದರೆಂದೇ ನಾನು ಕೋಚ್ ಮೇಲೆ ಹಾರಾಡಿದ್ದು. ಈಗ ತಪ್ಪಾಗಿ ಅಳೆದಿದ್ದೇನೆಂದು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡರೆ ನಾನು ಅವರಿಗಿಂತ ಯಾವ ಸೀಮೆಯ ಮೇಲು?

ಭಾನುವಾರ ಎಲ್ಲರಿಗಿಂತ ಮೊದಲು ಹೋದೆ. ಶೆಡ್ಡಿನ ಮುಂದಿನ ಬಯಲಿನಲ್ಲಿ ನಾಲ್ಕು ಬಿದಿರು ನೆಟ್ಟು, ಪಂಚೆಯನ್ನು ಚಪ್ಪರದಂತೆ ಬಿಗಿದು, ಕೆಳಗೆ ಯಂತ್ರವನ್ನು ಸಮಮಟ್ಟವಾಗಿ ಇಟ್ಟೆ. ಎಲ್ಲರೂ ಬಂದ ಮೇಲೆ ಕೋಚ್‌ಗೆ, “ಸಾಬ್, ಬುಧವಾರದ ಅಂಕಿಗಳು ಸುಳ್ಳು. ಅರ್ಧ ಗಂಟೆ ಕೊಡಿ. ಈ ಸಲ ನಾನು ಹೊಡೆಯುತ್ತೇನೆ, ನೀವು ಬರೆದುಕೊಳ್ಳಿ,” ಎಂದೆ.

ಮೊದಲು ಕ್ಲಬ್ಬಿನ ಏರ್ ರೈಫಲ್. ಸೆಕೆಂಡಿಗೆ ಐನೂರ ಎಪ್ಪತ್ತು ಅಡಿ ಎಂದು ಕಾಕಾ ಅಳೆದು ಅದರ ಪೆಟ್ಟಿಗೆಯಲ್ಲಿ ಚೀಟಿ ಅಂಟಿಸಿದ್ದರು. ಹತ್ತು ಸಲ ಹೊಡೆದೆ. ಐನೂರ ಎಪ್ಪತ್ತೊಂದು, ಅರವತ್ತೊಂಬತ್ತು, ಎಪ್ಪತ್ತು, ಹೀಗೆಯೇ. ತಕ್ಕಡಿ ನಿಜ ಹೇಳುತ್ತಿತ್ತು. ಆಮೇಲೆ ಅದೇ ಡಬ್ಬಿಯಿಂದ ಇಪ್ಪತ್ತು ಗುಂಡು. ಎಲ್ಲವೂ ಸಾವಿರದ ಎಪ್ಪತ್ತರ ಆಸುಪಾಸು. ಎಲ್ಲಕ್ಕಿಂತ ವೇಗದ್ದಕ್ಕೂ ನಿಧಾನದ್ದಕ್ಕೂ ನಡುವೆ ಇಪ್ಪತ್ತನಾಲ್ಕು ಅಡಿ ವ್ಯತ್ಯಾಸ. ಅಷ್ಟರಿಂದ ಏಣಿ ಹುಟ್ಟುವುದಿಲ್ಲ.

“ಅಂದರೆ ಲಾಟ್ ಸರಿಯಿದೆ,” ಎಂದರು ಕೋಚ್. ಮೀಸೆಯಡಿಯಲ್ಲಿ ನಗು. “ನಾನು ಅದೇ ಹೇಳಿದ್ದಲ್ಲವೇ ಬೆಹನ್‌ಜಿ? ಗಾಬರಿ.”

“ಹೌದು ಸಾಬ್, ಉಸಿರು ತಪ್ಪಿದ್ದು ನನಗೇ. ನನ್ನ ಷರಾ ಹಾಗೇ ಇರಲಿ. ಈಗ ಇವರಿಬ್ಬರದ್ದು ತಿದ್ದಿ.”

ನಗು ಮಾಯವಾಯಿತು. ಚಹಾ ತರಿಸಿಕೊಟ್ಟಿದ್ದ ಮಹಾಶಯರು, “ಈ ಯಂತ್ರವನ್ನೆಲ್ಲ ನಂಬುವುದಕ್ಕಾಗುವುದಿಲ್ಲ,” ಎಂದರು.

“ನಿಮ್ಮ ರೈಫಲ್ ತನ್ನಿ. ಪಂಚೆ ಇನ್ನೂ ಬಿಚ್ಚಿಲ್ಲ.”

ಅವರು ಶೂ ಲೇಸ್ ಕಟ್ಟಿಕೊಳ್ಳಲು ಬಗ್ಗಿದರು.

ಕೋಚ್ ದನಿ ತಗ್ಗಿಸಿ, “ಮತ್ತೆ ಹೊಡೆಯುವುದು ಬೇಡ, ಮೂವರಿಗೂ ರದ್ದು. ಆದರೆ ಗಂಡಸರ ಮುಂದೆ ಗಾಬರಿ ಅಂತ ಬರೆದರೆ ಚೆನ್ನಾಗಿರುವುದಿಲ್ಲ. ‘ಅಭ್ಯಾಸ ಕಡಿಮೆ’ ಅಂತ ಹಾಕೋಣ,” ಎಂದರು.

“ಅದೇ ಡಬ್ಬಿ, ಅದೇ ಏಣಿ, ಅದೇ ಪದ,” ಎಂದೆ. ರಿಜಿಸ್ಟರಿನ ಅಂಚನ್ನು ಹಿಡಿದು ಅಲ್ಲೇ ನಿಂತೆ. ಸುತ್ತ ಹತ್ತು ಜನ ನೋಡುತ್ತಿದ್ದರು. ನಾನು ಬಿಡುವವಳಲ್ಲ ಎಂದು ಕೋಚ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಕೊನೆಗೆ ಆ ಇಬ್ಬರ ಮುಂದೆಯೂ ‘ಗಾಬರಿ’ ಎಂದೇ ಬರೆದರು. ನಾಲ್ಕನೆಯ ಸ್ಥಾನ ಮೊದಲ ಭಾನುವಾರದ ಅಂಕದ ಪ್ರಕಾರ ಬೇರೊಬ್ಬರಿಗೆ ಹೋಯಿತು. ಅಹಮದಾಬಾದಿಗೆ ನಾನು ಹೋಗಲಿಲ್ಲ, ಆ ಸ್ಥಾನ ತಪ್ಪಿದ್ದಕ್ಕೆ ಅತ್ತೂ ಇದ್ದೇನೆ. ಆದರೆ ಆ ಪದ ನನ್ನೊಬ್ಬಳ ಹೆಸರಿನ ಮುಂದೆ ಇದ್ದಾಗ ಬೈಗುಳವಾಗಿತ್ತು. ಮೂರು ಹೆಸರುಗಳ ಮುಂದೆ ಒಂದೇ ಕೈಬರಹದಲ್ಲಿ ಸಾಲಾಗಿ ನಿಂತ ಮೇಲೆ ಅದು ಬರೀ ಷರಾ ಆಯಿತು.